ಜೋಡಿ ಚಕ್ರದ ಒಳಟಯರಿಗೆ ಗಾಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಆರು ಚಕ್ರದ ಲಾರಿ. ಸುಗ್ಗಿಯಲ್ಲಿ ಚಳ್ಳಕೆರೆ, ಹಿರಿಯೂರು ಕಡೆಯಿಂದ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಈರುಳ್ಳಿ ಸಾಗಿಸುತ್ತೇವೆ. ಹಿಂದಿನ ಜೋಡಿ ಟಯರುಗಳಲ್ಲಿ ಒಳಗಿನದೇ ಮತ್ತೆ ಮತ್ತೆ ಸಿಡಿಯುತ್ತಿದೆ. ಹೊರಡುವ ಮುನ್ನ ಡ್ರೈವರ್ ಎಲ್ಲ ಟಯರುಗಳನ್ನೂ ಲಿವರಿನಿಂದ ಬಡಿದು ಸದ್ದು ಕೇಳುತ್ತಾರೆ. ದಾರಿಯಲ್ಲಿ ಟಯರ್ ಬಿಸಿಯಾಗಿದ್ದರೆ ಸ್ವಲ್ಪ ಗಾಳಿ ಬಿಡುತ್ತಾರೆ. ಒಳಟಯರಿಗೆ ಕೈ ಹೋಗುವುದಿಲ್ಲವೆಂದು ಪಂಕ್ಚರ್ ಅಂಗಡಿಯವರು ಹೊರಗಿನದನ್ನಷ್ಟೇ ನೋಡಿ ಕಳಿಸುತ್ತಾರೆ. ಗಾಳಿ ಎಷ್ಟಿರಬೇಕು, ಹೇಗೆ ನೋಡಬೇಕು?
— ಲಾರಿ ಮಾಲೀಕರು, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಲಾರಿಯ ಒಳಟಯರಿನಲ್ಲಿ ಎಷ್ಟು ಗಾಳಿಯಿದೆ ಎಂಬುದನ್ನು ಯಾರೂ ಅಳೆದು ನೋಡುತ್ತಿಲ್ಲ ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಟಯರಿನ ಕಂಪನಿಯನ್ನು ಬದಲಿಸುವ ಮೊದಲು ಸರಿಪಡಿಸಬೇಕಾದದ್ದು ಇದನ್ನೇ. ಲಿವರಿನಿಂದ ಬಡಿದಾಗ ಟಯರ್ ಪೂರ್ತಿ ಇಳಿದಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆಯೇ ಹೊರತು, ಅದರಲ್ಲಿ 110 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದೆಯೋ 80 ಇದೆಯೋ ಎಂಬುದು ಎಷ್ಟು ಪಳಗಿದ ಕಿವಿಗೂ ತಿಳಿಯುವುದಿಲ್ಲ. ಮುಂದಿನ ಒಂಟಿ ಟಯರಿನಲ್ಲಿ ಗಾಳಿ ಕಡಿಮೆಯಾದರೆ ಸ್ಟೀರಿಂಗ್ ಒಂದು ಕಡೆಗೆ ಎಳೆದು ಡ್ರೈವರನ್ನು ಎಚ್ಚರಿಸುತ್ತದೆ. ಜೋಡಿಯಲ್ಲಾದರೋ ಪಕ್ಕದ ಟಯರು ಭಾರವನ್ನೆಲ್ಲ ತಾನೇ ಹೊತ್ತುಕೊಳ್ಳುವುದರಿಂದ, ಅರ್ಧ ಇಳಿದ ಟಯರು ಹೊರನೋಟಕ್ಕೆ ಚೆನ್ನಾಗಿಯೇ ನಿಂತಿರುತ್ತದೆ, ಗಾಡಿಯೂ ವಾಲುವುದಿಲ್ಲ.

ಒಳಟಯರಿಗೆ ಕಷ್ಟಗಳೂ ಹೆಚ್ಚು. ಬ್ರೇಕ್ ಡ್ರಮ್ಮಿನ ಕಾವು ಮೊದಲು ತಾಗುವುದು ಅದಕ್ಕೆ, ಬೀಸುಗಾಳಿ ಸೋಕುವುದು ಕಡಿಮೆ, ರಸ್ತೆಯ ನಡುಭಾಗ ತುಸು ಉಬ್ಬಿರುವುದರಿಂದ ಭಾರವೂ ಅದರ ಮೇಲೆ ತುಸು ಹೆಚ್ಚು ಬೀಳುತ್ತದೆ. ಇದರ ಜೊತೆಗೆ ಗಾಳಿಯೂ ಕಡಿಮೆಯಾದರೆ ಟಯರಿನ ಪಕ್ಕೆ ಪ್ರತಿ ಸುತ್ತಿನಲ್ಲೂ ಅತಿಯಾಗಿ ಮಡಿಸಿ ಬಿಚ್ಚಿಕೊಳ್ಳುತ್ತದೆ. ಉಬ್ಬಿದ ಎರಡು ಪಕ್ಕೆಗಳು ಒಂದಕ್ಕೊಂದು ಉಜ್ಜತೊಡಗುತ್ತವೆ, ಆ ಕಾವಿಗೆ ಒಳಗಿನ ಪದರಗಳು ಬಿಡುತ್ತವೆ. ಟಯರಿಗೆ ಬೆಂಕಿ ಹತ್ತುವುದೂ ಹಲವು ಬಾರಿ ಹೀಗೆಯೇ. ಸಿಡಿದ ಟಯರಿನ ತುಂಡುಗಳು ಇನ್ನೂ ನಿಮ್ಮಲ್ಲಿದ್ದರೆ ಪಕ್ಕೆಯನ್ನು ನೋಡಿ: ಸುತ್ತಲೂ ಉಜ್ಜಿ ನುಣುಪಾದ ಪಟ್ಟಿಯಿದ್ದರೆ ಜೋಡಿ ಟಯರುಗಳು ಒಂದಕ್ಕೊಂದು ತಾಗಿ ಓಡಿವೆ ಎಂದೇ ತಿಳಿಯಬೇಕು.

ಇನ್ನು ಗಾಳಿಯ ಪ್ರಮಾಣ. ಎಲ್ಲ ಲಾರಿಗೂ ಹೊಂದುವ ಒಂದೇ ಅಂಕಿ ಎಂಬುದಿಲ್ಲ. ಗಾಡಿಯ ಕೈಪಿಡಿಯಲ್ಲಿ ಅಥವಾ ಕ್ಯಾಬಿನ್ ಬಾಗಿಲ ಬಳಿಯ ಫಲಕದಲ್ಲಿರುವ ಅಂಕಿಯನ್ನೂ ಟಯರಿನ ಪಕ್ಕೆಯ ಬರಹವನ್ನೂ ಒಟ್ಟಿಗೆ ನೋಡಬೇಕು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ 10.00 ಆರ್ 20 ಅಳತೆಯ ರೇಡಿಯಲ್ (ಉಕ್ಕಿನ ತಂತಿಯ ಪದರಗಳಿರುವ) ಟಯರಿಗೆ ಪೂರ್ತಿ ಲೋಡಿನಲ್ಲಿ ಸಾಮಾನ್ಯವಾಗಿ 110ರಿಂದ 120 ಪಿಎಸ್‌ಐ ಬೇಕಾಗುತ್ತದೆ. ಪಕ್ಕೆಯ ಮೇಲೆ 146/143 ಎಂಬಂತಹ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಟಯರು ಒಂಟಿಯಾಗಿದ್ದಾಗ ಹೊರಬಲ್ಲ ಭಾರಕ್ಕೆ, ಎರಡನೆಯದು ಜೋಡಿಯಲ್ಲಿದ್ದಾಗ ಹೊರಬಲ್ಲ ಭಾರಕ್ಕೆ ಸಂಬಂಧಿಸಿದ್ದು. 146 ಎಂದರೆ 3,000 ಕಿಲೋ, 143 ಎಂದರೆ 2,725 ಕಿಲೋ. ನಾಲ್ಕು ಟಯರಿನ ಒಂಟಿ ಆಕ್ಸಲಿನ (ಅಚ್ಚಿನ) ಮೇಲೆ ಹೊರಿಸಬಹುದಾದ ಭಾರದ ಮಿತಿಯನ್ನು ಕೇಂದ್ರ ಸರ್ಕಾರ 2018ರ ಜುಲೈನಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಹಳೆಯ ಮಿತಿಯಲ್ಲಿ ಒಂದು ಟಯರಿನ ಪಾಲಿಗೆ 2,550 ಕಿಲೋ ಬರುತ್ತಿದ್ದರೆ, ಹೊಸ ಮಿತಿಯಲ್ಲಿ 2,875 ಕಿಲೋ ಬರುತ್ತದೆ. ಹಾಗಾಗಿ 143 ಎಂದಿರುವ ಟಯರು ಹಳೆಯ ಮಿತಿಗೆ ಸಾಕು, ಹೊಸದಕ್ಕೆ ಸಾಲದು. ನಿಮ್ಮ ಗಾಡಿಯ ಆರ್‌ಸಿಯಲ್ಲಿ ನಮೂದಾಗಿರುವ ತೂಕ ಎಷ್ಟು, ಟಯರಿನ ಎರಡನೆಯ ಸಂಖ್ಯೆ ಎಷ್ಟು ಎಂಬುದನ್ನು ಈ ವಾರವೇ ಹೋಲಿಸಿ ನೋಡಿ. ಟಯರಿನ ಶಕ್ತಿಯೇ ಕಡಿಮೆಯಿದ್ದರೆ ಗಾಳಿ ಹೆಚ್ಚು ಹೊಡೆಸಿ ಅದನ್ನು ಸರಿದೂಗಿಸಲು ಆಗದು.

ಅಳೆಯಬೇಕಾದದ್ದು ಬೆಳಿಗ್ಗೆ, ಗಾಡಿ ಹೊರಡುವ ಮೊದಲು. ಇಲ್ಲವಾದರೆ ಕನಿಷ್ಠ ಮೂರು ಗಂಟೆ ನಿಂತ ಮೇಲೆ. ಲೋಡ್ ಇದೆಯೋ ಇಲ್ಲವೋ ಎಂಬುದರಿಂದ ಗೇಜಿನ (ಗಾಳಿಯ ಒತ್ತಡ ಅಳೆಯುವ ಉಪಕರಣದ) ಅಂಕಿ ಹೆಚ್ಚೇನೂ ಬದಲಾಗದು. ಇದಕ್ಕೆ ಬೇಕಾದದ್ದು ಲಾರಿಗೆಂದೇ ಸಿಗುವ ಉದ್ದ ಹಿಡಿಯ ಗೇಜ್. ಅದರ ತುದಿಯಲ್ಲಿ ಎರಡು ಮುಖಗಳಿರುತ್ತವೆ. ವಾಲ್ವ್ ನಮ್ಮ ಕಡೆಗೆ ತಿರುಗಿದ್ದರೆ ಒಂದನ್ನು ಮುಂದಕ್ಕೆ ಒತ್ತಬೇಕು, ಆಚೆಗೆ ತಿರುಗಿದ್ದರೆ ಇನ್ನೊಂದನ್ನು ಹಿಂದಕ್ಕೆ ಎಳೆದು ಕೂರಿಸಬೇಕು. ಒಳಟಯರಿನ ವಾಲ್ವ್ ಹೊರಗಿನ ಡಿಸ್ಕಿನ ಕಿಂಡಿಯಲ್ಲಿ ಕಾಣಬೇಕು. ಕಾಣದಿದ್ದರೆ ಚಕ್ರ ಕೂರಿಸಿದ ರೀತಿಯೇ ಸರಿಯಿಲ್ಲ ಎಂದರ್ಥ. ಮುಂದಿನ ಸಲ ಚಕ್ರ ಬಿಚ್ಚಿದಾಗ ಎರಡು ವಾಲ್ವುಗಳೂ ಅರ್ಧ ಸುತ್ತಿನ ಅಂತರದಲ್ಲಿ ಎದುರುಬದುರಾಗಿ ಬರುವಂತೆ ಜೋಡಿಸಲು ಹೇಳಿ. ಕ್ಯಾಪ್ ತೆಗೆದು, ಬಾಯಿಯ ಮಣ್ಣನ್ನು ಒರೆಸಿ, ಗೇಜನ್ನು ನೇರವಾಗಿ ಒತ್ತಿ. ಒತ್ತಿ ಹಿಡಿದಿರುವಾಗಲೂ ಸುಯ್ಯೆಂಬ ಸದ್ದು ಬರುತ್ತಿದ್ದರೆ ಗೇಜ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಮೊದಲು ಒಳಗಿನದನ್ನು, ಆಮೇಲೆ ಹೊರಗಿನದನ್ನು ನೋಡಿ ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಎರಡರ ನಡುವೆ 5 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕ್ಯಾಪನ್ನು ಮರಳಿ ಹಾಕುವುದನ್ನು ಮರೆಯಬೇಡಿ. ಧೂಳು ತಡೆಯುವುದರ ಜೊತೆಗೆ ಸಣ್ಣ ಸೋರಿಕೆಯನ್ನೂ ಅದು ತಡೆಯುತ್ತದೆ. ವಾಲ್ವಿಗೆ ಉದ್ದದ ಕೊಳವೆ ಜೋಡಿಸಿದ್ದರೆ ಅದರ ಎರಡೂ ತುದಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ.

ಬಿಸಿ ಟಯರಿನ ಗಾಳಿ ಬಿಡುವ ಅಭ್ಯಾಸವನ್ನು ದಯವಿಟ್ಟು ಇಂದೇ ನಿಲ್ಲಿಸಿ. ಬೆಳಿಗ್ಗೆ 110 ಇದ್ದ ಟಯರು ತುಮಕೂರು ಮುಟ್ಟುವ ಹೊತ್ತಿಗೆ ಕಾವಿನಿಂದ 125 ತೋರಿಸಿದರೆ ಅದು ಸಹಜ. ಟಯರನ್ನು ತಯಾರಿಸುವವರು ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ತಂಪಾಗಿರುವಾಗಿನ ಅಂಕಿಯನ್ನು ಹೇಳಿರುತ್ತಾರೆ. ಅಲ್ಲಿ ಗಾಳಿ ಬಿಟ್ಟು 110ಕ್ಕೆ ಇಳಿಸಿದರೆ, ಟಯರು ತಣಿದಾಗ ಉಳಿಯುವುದು ಸುಮಾರು 97 ಮಾತ್ರ. ಮರುದಿನ ಆ ಕಡಿಮೆ ಗಾಳಿಯಲ್ಲಿ ಟಯರು ಇನ್ನಷ್ಟು ಬಿಸಿಯಾಗುತ್ತದೆ, ಡ್ರೈವರ್ ಇನ್ನಷ್ಟು ಬಿಡುತ್ತಾರೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಇರಬೇಕಾದದ್ದರ ಶೇ 80 ಅಥವಾ ಅದಕ್ಕಿಂತ ಕಡಿಮೆ ಗಾಳಿಯಲ್ಲಿ, ಅಂದರೆ 110 ಇರಬೇಕಾದಲ್ಲಿ 88ರಲ್ಲಿ ಓಡಿದ ಟಯರಿಗೆ ಹಾಗೆಯೇ ಗಾಳಿ ಹೊಡೆಸಕೂಡದು. ಮಡಿಸಿ ಮಡಿಸಿ ಸವೆದ ಪಕ್ಕೆಯ ಉಕ್ಕಿನ ತಂತಿಗಳು ಗಾಳಿ ಏರುವಾಗ ಸಾಲಾಗಿ ಹರಿದು, ಎದುರಿಗೆ ನಿಂತವರ ಪ್ರಾಣವನ್ನೇ ತೆಗೆಯಬಲ್ಲವು. ಅದನ್ನು ಬಿಚ್ಚಿ ಒಳಗೂ ಹೊರಗೂ ಪರೀಕ್ಷಿಸಬೇಕು. ನಟ್ಟುಗಳನ್ನು ಸಡಿಲಿಸುವ ಮೊದಲೇ ವಾಲ್ವ್ ಪಿನ್ (ವಾಲ್ವಿನೊಳಗೆ ಗಾಳಿಯನ್ನು ತಡೆದಿಡುವ ಸಣ್ಣ ಭಾಗ) ತೆಗೆದು ಜೋಡಿಯ ಎರಡೂ ಟಯರುಗಳ ಗಾಳಿಯನ್ನು ಪೂರ್ತಿ ಬಿಡಬೇಕು. ಲಾಕ್ ರಿಂಗ್ (ಟಯರನ್ನು ಚಕ್ರದ ಮೇಲೆ ಹಿಡಿದಿಡುವ, ಬಿಚ್ಚಬಹುದಾದ ಉಕ್ಕಿನ ಬಳೆ) ಇರುವ ಚಕ್ರಗಳಲ್ಲಿ ಇದನ್ನು ಕಡೆಗಣಿಸಿದಾಗ ರಿಂಗ್ ಚಿಮ್ಮಿ ಜನ ಸಾಯುತ್ತಾರೆ. ಮತ್ತೆ ಗಾಳಿ ತುಂಬುವಾಗ ಚಕ್ರವನ್ನು ಕಬ್ಬಿಣದ ಪಂಜರದಲ್ಲಿಟ್ಟು, ವಾಲ್ವಿಗೆ ಕಚ್ಚಿಕೊಳ್ಳುವ ಕ್ಲಿಪ್ಪನ್ನೂ ಉದ್ದನೆಯ ಪೈಪನ್ನೂ ಬಳಸಿ, ಪಕ್ಕೆಗೆ ಎದುರಾಗಿ ನಿಲ್ಲದೆ ದೂರ ಸರಿದು ನಿಲ್ಲಬೇಕು. ಪಂಜರವಿಲ್ಲದ ಅಂಗಡಿಯಲ್ಲಿ ಲಾಕ್ ರಿಂಗಿನ ಕೆಲಸ ಮಾಡಿಸಬೇಡಿ. ಅಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಗಾಳಿ ಹೊಡೆಯುವ ಹುಡುಗನ ಜೀವ ನಿಮ್ಮ ಟಯರಿಗಿಂತ ದೊಡ್ಡದು.

ಪ್ರಶ್ನೆ: ಜೋಡಿಯಲ್ಲಿ ಒಂದು ಟಯರ್ ಹೊಸದು, ಇನ್ನೊಂದು ಸವೆದದ್ದು ಹಾಕಿದ್ದೇವೆ. ಗಾಳಿ ಎರಡರಲ್ಲೂ ಸಮವಾಗಿದೆ. ಆದರೂ ಹಳೆಯದು ಬೇಗ ಸವೆಯುತ್ತಿರುವುದು ಏಕೆ?
— ಓದುಗರು, ಹಾವೇರಿ

ಉತ್ತರ: ಎರಡು ಚಕ್ರಗಳೂ ಒಂದೇ ಹಬ್‌ಗೆ (ಚಕ್ರದ ಗುಂಬಕ್ಕೆ) ಬಿಗಿದಿರುವುದರಿಂದ ಸಮನಾಗಿ ಸುತ್ತಲೇಬೇಕು, ಆದರೆ ಸವೆದು ಚಿಕ್ಕದಾದ ಟಯರು ಒಂದು ಸುತ್ತಿಗೆ ಕ್ರಮಿಸುವ ದೂರ ಕಡಿಮೆ. 10.00 ಆರ್ 20 ಟಯರು ಒಂದು ಕಿಲೋಮೀಟರಿಗೆ ಸುಮಾರು 300 ಸುತ್ತು ತಿರುಗುತ್ತದೆ. ಎರಡರ ವ್ಯಾಸದಲ್ಲಿ 6 ಮಿಲಿಮೀಟರ್ ವ್ಯತ್ಯಾಸವಿದ್ದರೆ ಪ್ರತಿ ಸುತ್ತಿಗೆ ಸುಮಾರು 19 ಮಿಲಿಮೀಟರ್ ಅಂತರ ಬೀಳುತ್ತದೆ, ಕಿಲೋಮೀಟರಿಗೆ ಐದೂವರೆ ಮೀಟರಿಗೂ ಹೆಚ್ಚು. ಅಷ್ಟು ದೂರ ಟಯರು ಉರುಳುವ ಬದಲು ನೆಲಕ್ಕೆ ಉಜ್ಜಿಕೊಂಡು ಹೋಗುತ್ತದೆ. ಹಾಗಾಗಿ ವ್ಯಾಸದ ವ್ಯತ್ಯಾಸ ಈ 6 ಮಿಲಿಮೀಟರನ್ನು ಮೀರಬಾರದು. ಗಾಳಿ ತುಂಬಿದ ಟಯರಿನ ನೆಲ ಮುಟ್ಟುವ ಭಾಗದ ನಡುವೆ ಟೇಪು ಸುತ್ತಿ ಸುತ್ತಳತೆ ತೆಗೆದರೆ ಸಾಕು. ಎರಡು ಟಯರುಗಳ ಸುತ್ತಳತೆ 19 ಮಿಲಿಮೀಟರಿಗಿಂತ ಹೆಚ್ಚು ಬೇರೆಯಾದರೆ ಅವು ಜೋಡಿಯಾಗಲು ತಕ್ಕವಲ್ಲ. ರೀಟ್ರೆಡ್ ಮಾಡಿಸಿದ (ಸವೆದ ಮೇಲೆ ಹೊಸ ರಬ್ಬರ್ ಹಾಕಿಸಿದ) ಟಯರುಗಳನ್ನಂತೂ ಅಳೆಯದೆ ಜೋಡಿಸಲೇಬಾರದು. ರೇಡಿಯಲ್ ಮತ್ತು ನೈಲಾನ್ ಟಯರುಗಳನ್ನು ಒಂದೇ ಜೋಡಿಯಲ್ಲಿ ಹಾಕುವುದೂ ತಪ್ಪು.

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಒಳಟಯರನ್ನು ಪದೇ ಪದೇ ನೋಡುವ ಕೆಲಸ ತಪ್ಪುತ್ತದೆಯೇ?
— ಓದುಗರು, ಬಳ್ಳಾರಿ

ಉತ್ತರ: ತಪ್ಪುವುದಿಲ್ಲ. ನಾವು ತುಂಬುವ ಮಾಮೂಲಿ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇರುತ್ತದೆ. ಶುದ್ಧ ನೈಟ್ರೋಜನ್ ರಬ್ಬರಿನ ಮೂಲಕ ಸೋರುವುದು ತುಸು ನಿಧಾನ, ತೇವಾಂಶವೂ ಅದರಲ್ಲಿ ಕಡಿಮೆ. ಆದರೆ ಸಡಿಲವಾದ ವಾಲ್ವ್ ಪಿನ್ನಿನಿಂದಲೂ ಮೊಳೆ ಚುಚ್ಚಿದ ತೂತಿನಿಂದಲೂ ಅದು ಗಾಳಿಯಂತೆಯೇ ಹೊರಟುಹೋಗುತ್ತದೆ. ಆ ಹಣದಲ್ಲಿ ಎರಡು ಮುಖದ ಒಂದು ಒಳ್ಳೆಯ ಗೇಜ್ ಕೊಂಡು ಕ್ಯಾಬಿನ್ನಿನಲ್ಲಿಡಿ; ವಾರಕ್ಕೊಮ್ಮೆಯಾದರೂ, ದೂರದ ಲೋಡಿಗೆ ಹೊರಡುವಾಗ ಪ್ರತಿ ಸಲವೂ ಒಳಟಯರನ್ನು ಅಳೆಯಿರಿ.