ಪೊಲೀಸರು ಠಾಣೆಗೆ ಕರೆದೊಯ್ದರೆ ತೋಟದ ಕಾರ್ಮಿಕನಿಗೆ ಯಾವ ಹಕ್ಕುಗಳಿವೆ? ಏನು ಬದಲಾಗಬೇಕು?

ಕರಿಮೆಣಸು ಕಳವಿನ ಅನುಮಾನದ ಮೇಲೆ ಕೊಡಗಿನ ವಿರಾಜಪೇಟೆ ಕಡೆಯ ಲೈನ್ ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆ) ಒಬ್ಬನನ್ನು ಕರೆದೊಯ್ದರು ಎಂದುಕೊಳ್ಳಿ. ಇದು ಬಂಧನವೇ, ಅಲ್ಲವೇ ಎಂದು ಮೊದಲು ಕೇಳಿ. ‘ಸುಮ್ಮನೆ ವಿಚಾರಣೆಗೆ’ ಎಂದು ರಾತ್ರಿಯಿಡೀ ಕೂರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು ಎಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ಸಾಮಾನ್ಯ ಕಳವು ಇದರಲ್ಲೇ ಬರುತ್ತದೆ. ಬಂಧನ ಅಗತ್ಯವಿಲ್ಲದಿದ್ದರೆ ಈಗಿನ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಂತೆ ಹಾಜರಾಗಲು ನೋಟಿಸ್ ಕೊಡಬೇಕು. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಕಸ್ಟಡಿಯಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ: ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಅಥವಾ 15100ಕ್ಕೆ ಕರೆ.

ಸುಧಾರಣೆ ಬೇಕಿರುವುದು ಮುಖ್ಯವಾಗಿ ಬಂಧನ ಪತ್ರದಲ್ಲಿ ಬರೆಯುವ ಸಮಯದ ವಿಷಯದಲ್ಲಿ. ಬೆಳಿಗ್ಗೆ ಜೀಪು ಹತ್ತಿಸಿ ಮರುದಿನ ಸಂಜೆ ಬಂಧಿಸಿದಂತೆ ಬರೆದರೆ 24 ಗಂಟೆಯ ರಕ್ಷಣೆಗೆ ಅರ್ಥವೇ ಉಳಿಯುವುದಿಲ್ಲ. ಠಾಣೆಗೆ ಕರೆತಂದ ಕ್ಷಣವೇ ದಾಖಲಾಗಬೇಕು, ತಪ್ಪಿದ ಅಧಿಕಾರಿಗೆ ಶಿಸ್ತುಕ್ರಮ ಖಚಿತವಾಗಬೇಕು. ಓದು ಬಾರದ ಯರವ, ಜೇನುಕುರುಬ ಆದಿವಾಸಿ ಕಾರ್ಮಿಕರಿಂದ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಂತೂ ಅನ್ಯಾಯ. ಅವರ ಭಾಷೆ ಬಲ್ಲವರೊಬ್ಬರು ಜೊತೆಗಿರಲೇಬೇಕು.

ಅಲ್ಲಿಯವರೆಗೆ, ಜೀಪು ಬಂದ ಹೊತ್ತನ್ನು ನೀವೇ ಬರೆದಿಟ್ಟುಕೊಳ್ಳಿ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ. ಆ ದೃಶ್ಯಗಳನ್ನು ಉಳಿಸಿಡುವಂತೆ ವಕೀಲರ ಮೂಲಕ ಕೂಡಲೇ ಅರ್ಜಿ ಕೊಡಿ.