ತೂಕದ ಮುಳ್ಳು ನಿಂತಿತೆಂದು ಊಟ ಬಿಡಬೇಡಿ

ಪ್ರಶ್ನೆ: ನನಗೆ 39 ವರ್ಷ, ತುಮಕೂರಿನಲ್ಲಿ ಪ್ರೌಢಶಾಲಾ ಶಿಕ್ಷಕಿ. ಐದು ತಿಂಗಳ ಹಿಂದೆ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತೋರಿಸುವ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಬಂತು. ‘ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ. ಊಟ, ನಡಿಗೆ ಸರಿಮಾಡಿಕೊಂಡು ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ’ ಎಂದರು ವೈದ್ಯರು. ಅಂದಿನಿಂದ ಅನ್ನ, ಮುದ್ದೆ ಎರಡನ್ನೂ ಬಿಟ್ಟು ಓಟ್ಸ್ ತಿನ್ನುತ್ತಿದ್ದೇನೆ. ಬೆಳಿಗ್ಗೆ ಅಮಾನಿಕೆರೆಯ ಬಳಿ ನಡೆಯುತ್ತೇನೆ. 74 ಕೆ.ಜಿ. ಇದ್ದವಳು 68ಕ್ಕೆ ಇಳಿದೆ. ಒಂದೂವರೆ ತಿಂಗಳಿಂದ ತೂಕದ ಮುಳ್ಳು ಅಲುಗಾಡುತ್ತಿಲ್ಲ. ಹಾಗಾಗಿ ರಾತ್ರಿ ಊಟವನ್ನೂ ಬಿಟ್ಟೆ. ತರಗತಿಯಲ್ಲಿ ನಿಂತಾಗ ಕಣ್ಣಿಗೆ ಕತ್ತಲೆ ಬರುತ್ತದೆ. 65ಕ್ಕೆ ಇಳಿದ ಮೇಲೆ ವೈದ್ಯರ ಬಳಿ ಹೋಗೋಣವೆಂದು ಮರುಪರೀಕ್ಷೆಯನ್ನೂ ಮಾಡಿಸಿಲ್ಲ. ‘ನಮ್ಮ ಅಡುಗೆ ಇವಳಿಗೆ ಆಗುವುದಿಲ್ಲ’ ಎಂದು ಅತ್ತೆ ನೆಂಟರ ಮುಂದೆ ಕಣ್ಣೀರು ಹಾಕುತ್ತಾರೆ. ಯಜಮಾನರು ‘ಸಾಕು ಬಿಡು’ ಎನ್ನುತ್ತಾರೆ. ಎಂಟನೇ ತರಗತಿಯ ಮಗಳು ಮಾತ್ರ ನನ್ನ ಕಡೆ. ಈಗ ಅವಳೂ ರಾತ್ರಿ ಊಟ ಬಿಟ್ಟಿದ್ದಾಳೆ. ಇದನ್ನೆಲ್ಲ ಬಿಟ್ಟುಬಿಡಲೇ, ಮುಂದುವರಿಸಲೇ?
– ಹೆಸರು ಬೇಡ

ಉತ್ತರ: ಪ್ರಿಯ ಸಹೋದರಿ, ಮಗಳ ವಿಷಯವನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರುಮಾಡುತ್ತೇನೆ, ಏಕೆಂದರೆ ಇದು ಕಾಯುವ ವಿಷಯವಲ್ಲ. ಅವಳದು ಎತ್ತರ ಬೆಳೆಯುವ, ಮೂಳೆ ಗಟ್ಟಿಯಾಗುವ, ಮುಟ್ಟು ಕ್ರಮಕ್ಕೆ ಬರುವ ವಯಸ್ಸು. ಕಬ್ಬಿಣಾಂಶ, ಸುಣ್ಣದಂಶ, ಪ್ರೋಟೀನು ಹೇರಳವಾಗಿ ಬೇಕಾದ ಕಾಲ. ಅಮ್ಮನ ಜೊತೆ ನಿಲ್ಲುವುದೆಂದರೆ ಅಮ್ಮನಂತೆ ಉಪವಾಸವಿರುವುದು ಎಂದು ಆ ಮಗು ತಿಳಿದಿದೆ. ಅವಳಿಗೆ ಬುದ್ಧಿ ಹೇಳಬೇಡಿ. ಇವತ್ತು ರಾತ್ರಿ ಅವಳ ಪಕ್ಕದಲ್ಲಿ ಕುಳಿತು ಊಟ ಮಾಡಿ, ಅಷ್ಟು ಸಾಕು. ತೂಕದ ಯಂತ್ರವನ್ನು ಬೀರುವಿನೊಳಗೆ ಇಟ್ಟುಬಿಡಿ. ದಪ್ಪ, ತೆಳ್ಳಗೆ ಎಂಬ ಮಾತು ನಿಮ್ಮ ಬಗ್ಗೆಯೇ ಆದರೂ ಅವಳ ಮುಂದೆ ಬೇಡ. ಒಂದೆರಡು ವಾರ ಕಳೆದರೂ ಅವಳು ಊಟ ತಪ್ಪಿಸುತ್ತಿದ್ದರೆ, ಕದ್ದು ತಿನ್ನುವುದು ಅಥವಾ ತಿಂದು ಪೇಚಾಡುವುದು ಕಂಡರೆ, ಮುಟ್ಟು ನಿಂತರೆ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಮಾತನಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ನಿಮ್ಮ ವಿಷಯ. ನೀವು ಸೋತಿದ್ದೀರಿ ಎಂದುಕೊಂಡಿದ್ದೀರಿ. ನನ್ನ ಲೆಕ್ಕದಲ್ಲಿ ನೀವು ಗುರಿ ದಾಟಿದ್ದೀರಿ. ನಿಮ್ಮಂತೆಯೇ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅಲ್ಲಿ ಇಟ್ಟುಕೊಂಡ ಗುರಿ ಇಷ್ಟೇ: ದೇಹತೂಕದ ಶೇ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ. ಅಷ್ಟರಿಂದ ಮಧುಮೇಹಕ್ಕೆ ಜಾರುವ ಸಾಧ್ಯತೆ ಶೇ 58ರಷ್ಟು ಕಡಿಮೆಯಾಯಿತು. 74 ಕಿಲೋಗೆ ಶೇ 7 ಎಂದರೆ ಐದು ಕಿಲೋ ಚಿಲ್ಲರೆ. ನೀವು ಇಳಿಸಿರುವುದು ಆರು! ಚೆನ್ನೈನ ತಜ್ಞರು 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನವಂತೂ ನಿಮಗೆಂದೇ ಮಾಡಿದಂತಿದೆ. ಅಲ್ಲಿ ಊಟ, ನಡಿಗೆ ತಿದ್ದಿಕೊಂಡವರ ತೂಕ ಸರಾಸರಿಯಲ್ಲಿ ಹೆಚ್ಚೇನೂ ಇಳಿಯಲಿಲ್ಲ. ಆದರೂ ಅವರಲ್ಲಿ ಮಧುಮೇಹ ಬರುವ ಅಪಾಯ ಶೇ 28ಕ್ಕೂ ಹೆಚ್ಚು ತಗ್ಗಿತು. 65 ಎಂಬ ಅಂಕಿಯನ್ನು ನಿಮಗೆ ಯಾವ ವೈದ್ಯರೂ ಕೊಟ್ಟಿಲ್ಲ. ವೈದ್ಯರು ಕೇಳಿದ್ದು ರಕ್ತದ ಅಂಕಿ, ಅದನ್ನು ನೀವು ನೋಡಿಯೇ ಇಲ್ಲ.

ಈ ವಾರವೇ ಹೋಗಿ. ಕಣ್ಣಿಗೆ ಕತ್ತಲೆ ಬರುವುದನ್ನು ಮೊದಲು ಹೇಳಿ, ರಕ್ತದೊತ್ತಡ ನೋಡಿಸಿ, ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ. ಕಬ್ಬಿಣಾಂಶದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು. ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡುವುದು ಒಳ್ಳೆಯದು.

ಹಸಿವಿನಿಂದ ತೂಕ ಇಳಿಸುವುದಕ್ಕೆ ನಾನು ಇಷ್ಟು ವಿರೋಧಿಸಲು ಕಾರಣವಿದೆ. ಹಾಗೆ ಇಳಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಉಂಡ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಆ ಸ್ನಾಯುಗಳೇ. ಅವನ್ನು ಕಳೆದುಕೊಂಡು ಸಕ್ಕರೆ ಕಾಯಿಲೆಯನ್ನು ದೂರವಿಡುವುದು ಕಷ್ಟ. ನಡಿಗೆಯ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಹತ್ತಾರು ಬಾರಿ ಎದ್ದು ಕೂರುವುದು, ಗೋಡೆಗೆ ಅಂಗೈಯಿಟ್ಟು ಎದೆಯನ್ನು ಹತ್ತಿರ ತಂದು ಹಿಂದಕ್ಕೆ ತಳ್ಳುವುದು, ಇಷ್ಟರಿಂದ ಆರಂಭಿಸಬಹುದು. ಆದರೆ ಕತ್ತಲೆ ಬರುವುದಕ್ಕೆ ಕಾರಣ ತಿಳಿದ ಮೇಲೆ. ರಾತ್ರಿ ಊಟವಾದ ಮೇಲೆ ಮನೆಯ ಮುಂದೆ ಹತ್ತು ನಿಮಿಷ ಅಡ್ಡಾಡಿದರೂ ಸಕ್ಕರೆ ಅಷ್ಟು ಏರುವುದಿಲ್ಲ. ಯಜಮಾನರನ್ನೂ ಕರೆದುಕೊಂಡು ಹೋಗಿ.

ಮುದ್ದೆಯನ್ನು ಪೂರ್ತಿ ಬಿಡುವ ಅಗತ್ಯವಿರಲಿಲ್ಲ. ರಾಗಿಯೂ ಪಿಷ್ಟವೇ, ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರುತ್ತದೆ ಎಂಬುದು ನಿಜ. ಹಾಗಾದರೆ ಚಿಕ್ಕದು ಮಾಡಿಕೊಳ್ಳಿ, ಅದರ ಜೊತೆ ಅನ್ನ ಬೇಡ. ತಟ್ಟೆಯ ಅರ್ಧಭಾಗ ಸೊಪ್ಪು, ತರಕಾರಿ ಇರಲಿ. ಪಲ್ಯ, ಕೋಸಂಬರಿ ಮೊದಲು ತಿನ್ನಿ. ಮೊಳಕೆ ಕಟ್ಟಿದ ಹುರುಳಿಕಾಳು, ಹೆಸರುಕಾಳು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇವುಗಳಲ್ಲಿ ಯಾವುದಾದರೂ ಒಂದು ಪ್ರತಿ ಊಟಕ್ಕೂ ಇರಲಿ. ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಬಸಿದ ನೀರಲ್ಲಿ ಸಾರು, ಬೆಂದದ್ದರಲ್ಲಿ ಪಲ್ಯ ಮಾಡುವ ಬಸ್ಸಾರು ನಿಮ್ಮ ಸೀಮೆಯದೇ. ನಿಮಗೆ ಬೇಕಾದದ್ದೆಲ್ಲ ಅದರಲ್ಲಿದೆ.

ಅದನ್ನು ಮಾಡಲು ಅತ್ತೆಯವರಿಗಿಂತ ಚೆನ್ನಾಗಿ ಬಲ್ಲವರು ನಿಮ್ಮ ಮನೆಯಲ್ಲಿ ಬೇರೆ ಯಾರಿದ್ದಾರೆ? ವರ್ಷಗಟ್ಟಲೆ ಬಡಿಸಿದ ಕೈ ಅವರದು. ಕಾರಣ ಹೇಳದೆ ನೀವು ಓಟ್ಸ್ ಬೇಯಿಸಿಕೊಂಡು ಪಕ್ಕಕ್ಕೆ ಕುಳಿತರೆ ಅವರಿಗೆ ಕಾಣುವುದು ತಿರಸ್ಕಾರ ಮಾತ್ರ. ವೈದ್ಯರ ಚೀಟಿಯನ್ನು ಅವರ ಮುಂದಿಟ್ಟು, ‘ಅತ್ತೆ, ನನಗೆ ಸಕ್ಕರೆ ಕಾಯಿಲೆ ಬರುವ ಹಾಗಿದೆಯಂತೆ, ಭಯವಾಗುತ್ತಿದೆ. ಎಣ್ಣೆ ಕಡಿಮೆ ಹಾಕಿ ವಾರಕ್ಕೆ ಮೂರು ದಿನ ಬಸ್ಸಾರು ಮಾಡಿಕೊಡುತ್ತೀರಾ?’ ಎಂದು ಕೇಳಿ. ಹಬ್ಬದ ದಿನ ಅವರು ಬಡಿಸಿದ ಒಂದು ಒಬ್ಬಟ್ಟನ್ನು ಖುಷಿಯಿಂದ ತಿನ್ನಿ, ಮುದ್ದೆ, ಅನ್ನವನ್ನು ಅಂದು ಕಡಿಮೆ ಮಾಡಿ.

ಆದ್ದರಿಂದ ಮುಂದುವರಿಸಿ, ಆದರೆ ಈಗಿನ ರೀತಿಯಲ್ಲಿ ಬೇಡ. ಮರುಪರೀಕ್ಷೆಯಲ್ಲಿ 5.7ಕ್ಕಿಂತ ಕೆಳಗೆ, ಅಂದರೆ ಸಾಮಾನ್ಯ ಮಟ್ಟಕ್ಕೆ ಬಂದರೆ ಇದೇ ಊಟ, ಇದೇ ನಡಿಗೆ ಉಳಿಸಿಕೊಂಡು ವರ್ಷಕ್ಕೊಮ್ಮೆ ನೋಡಿಸಿ. ಮಧುಮೇಹದ ಮಟ್ಟವಾದ 6.5 ಮುಟ್ಟಿದ್ದರೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ವಂಶವಾಹಿಯ ಪಾಲೂ ಇದರಲ್ಲಿರುತ್ತದೆ, ಅದಕ್ಕೆ ಔಷಧಿಯೂ ಇದೆ. ಮುಂದಿನ ಹೆಜ್ಜೆಯನ್ನು ವೈದ್ಯರು ಹೇಳುತ್ತಾರೆ.