ಉಣ್ಣೆ ಸುತ್ತಿದ ಸೋಪು ಮಾಡಿ ಮಾರಬೇಕು ಅಂತಿದ್ದೇನೆ. ಆನ್‌ಲೈನಿನಲ್ಲಿ ‘ಸೂಪರ್‌ವಾಶ್’ ಮೆರಿನೋ (ನುಣುಪಾದ ಕುರಿಯುಣ್ಣೆ) ಅಗ್ಗಕ್ಕೆ ಸಿಗುತ್ತಿದೆ, ತಗೊಳ್ಳಲಾ?

ಬೇಡ. ದಯವಿಟ್ಟು ಬೇಡ. ನಾನೂ ಅದನ್ನೇ ತರಿಸಿದ್ದೆ.

ಪರಿಚಯದವರೊಬ್ಬರು ಗೃಹಪ್ರವೇಶದ ರಿಟರ್ನ್ ಗಿಫ್ಟ್‌ಗೆ ಅಂತ ಉಣ್ಣೆ ಸೋಪು ಕೇಳಿದ್ದರು. ಅಲ್ಲಿಯವರೆಗೆ ಮಾಮೂಲಿ ಮೆರಿನೋದಲ್ಲಿ ಮಾಡಿದ್ದೆಲ್ಲ ಚೆನ್ನಾಗೇ ಬಂದಿತ್ತು. ಹಾಗಾಗಿ ಧೈರ್ಯ. ಮುಂಗಡ ತಗೊಂಡೆ, ಆ ದುಡ್ಡಿನಲ್ಲಿ ಅಗ್ಗಕ್ಕೆ ಸಿಕ್ಕ ಬಣ್ಣದ ಸೂಪರ್‌ವಾಶ್ ಉಣ್ಣೆ ತರಿಸಿದೆ.

ಸುತ್ತಿದೆ, ಬಿಸಿನೀರು ಹಾಕಿದೆ, ಉಜ್ಜಿದೆ. ಹತ್ತು ಹದಿನೈದು ನಿಮಿಷದಲ್ಲಿ ಉಣ್ಣೆ ಕುಗ್ಗಿ ಸೋಪಿಗೆ ಬಿಗಿಯಾಗಿ ಕೂರಬೇಕು. ಕೂರಲೇ ಇಲ್ಲ. ಬೆರಳಿನಲ್ಲಿ ಎತ್ತಿದರೆ ಎಳೆಗಳು ಒದ್ದೆ ಕೂದಲಿನ ಹಾಗೆ ಬಿಡಿಬಿಡಿಯಾಗಿ ಮೇಲೆ ಬರುತ್ತಿದ್ದವು. ನೀರು ಇನ್ನಷ್ಟು ಬಿಸಿ ಮಾಡಿದೆ, ಇನ್ನಷ್ಟು ಉಜ್ಜಿದೆ. ಒಳಗಿನ ಸೋಪು ಸವೆಯುತ್ತಾ ಬಂತು, ಉಣ್ಣೆ ಮಾತ್ರ ಜೋಲು ಜೋಲಾಗೇ ಇತ್ತು. ಕೊನೆಗೆ ಸೋಪು ಒಂದು ಪಕ್ಕದಿಂದ ಜಾರಿ ಬಕೆಟ್ಟಿಗೆ ಬಿತ್ತು.

ಆಗಲೇ ನಿಲ್ಲಿಸಬೇಕಿತ್ತು. ಕೈಯದೇ ತಪ್ಪು ಅಂದುಕೊಂಡು ಇನ್ನೊಂದು ಸುತ್ತಿದೆ, ಅದಾದ ಮೇಲೆ ಮತ್ತೊಂದು. ತಪ್ಪು ಕೈಯಲ್ಲಿರಲಿಲ್ಲ. ಉಣ್ಣೆಯ ಪ್ರತಿ ಎಳೆಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ, ಎಲ್ಲವೂ ತುದಿಯ ಕಡೆಗೇ ಮುಖ ಮಾಡಿರುತ್ತವೆ. ಬಿಸಿನೀರು, ಸೋಪಿನ ನೊರೆ, ಉಜ್ಜಾಟ ಮೂರೂ ಸೇರಿದರೆ ಎಳೆಗಳು ಒಂದರೊಳಗೊಂದು ನುಗ್ಗುತ್ತವೆ. ಆ ಹುರುಪೆಗಳಿಂದಾಗಿ ಮುಂದೆ ಹೋದ ಎಳೆ ಹಿಂದೆ ಬರುವುದಿಲ್ಲ. ಹಾಗೇ ಸಿಕ್ಕಿ ಬಿಗಿಯುತ್ತದೆ. ಇದೇ ಫೆಲ್ಟಿಂಗ್. ಸ್ವೆಟರ್ ಮಷೀನಿನಲ್ಲಿ ಕುಗ್ಗಬಾರದು ಅಂತ ಸೂಪರ್‌ವಾಶ್ ಉಣ್ಣೆಯಲ್ಲಿ ಈ ಹುರುಪೆಗಳನ್ನು ಕ್ಲೋರಿನ್ ಹಾಕಿ ಸವೆಸಿ, ಮೇಲೆ ತೆಳ್ಳಗೆ ರಾಳದಂಥ ಲೇಪ ಕೊಡುತ್ತಾರೆ. ಕುಗ್ಗದಿರುವುದೇ ಅದರ ಗುಣ. ನಮಗೆ ಬೇಕಾದದ್ದು ಕುಗ್ಗುವ ಉಣ್ಣೆ. ಚೀಟಿಯ ಮೇಲೆ ‘ಮಷೀನಿನಲ್ಲಿ ತೊಳೆಯಬಹುದು’ ಅಂತ ದಪ್ಪ ಅಕ್ಷರದಲ್ಲೇ ಇತ್ತು. ಅದನ್ನು ಒಳ್ಳೆಯ ಗುಣ ಅಂತಲೇ ಓದಿಕೊಂಡಿದ್ದೆ. ಮುಂಗಡ ವಾಪಸ್ ಕೊಟ್ಟೆ. ಉಣ್ಣೆಯ ದುಡ್ಡು ಹೋಯಿತು, ಸೋಪಿನದೂ ಹೋಯಿತು. ಆ ಮನೆಯವರು ಮತ್ತೆ ಕೇಳಲಿಲ್ಲ.

ಒಂದು ಚಿಟಿಕೆ ಉಣ್ಣೆ ಸಾಕಿತ್ತು ಇದು ತಿಳಿಯೋಕೆ. ಬಿಸಿ ಸೋಪುನೀರಿನಲ್ಲಿ ಅದ್ದಿ ಅಂಗೈ ನಡುವೆ ಉಂಡೆ ಮಾಡಿ. ಐದಾರು ನಿಮಿಷದಲ್ಲಿ ಗಟ್ಟಿ ಗೋಲಿ ಆಗಬೇಕು. ಎಳೆದಾಗ ಬಿಚ್ಚಿಕೊಂಡರೆ ಆ ಉಣ್ಣೆ ಬೇಡ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ‘ವುಲನ್’ ಅಂತ ಕೊಡುವ ದಾರವಂತೂ ಹೆಚ್ಚಾಗಿ ಅಕ್ರಿಲಿಕ್. ಒಂದೆಳೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಇನ್ನು ಮೆರಿನೋನೇ ಆಗಬೇಕು ಅಂತ ಯಾಕೆ ಹಠ? ನುಣುಪು ಬೇಕಾದವರು ಬರೀ ಸೋಪು ತಗೊಳ್ಳಲಿ. ಉಣ್ಣೆ ಸುತ್ತುವುದು ಮೈ ಉಜ್ಜೋಕೆ. ಕಂಬಳಿಗೆ ಬಳಸುವ ನಮ್ಮ ಡೆಕ್ಕನಿ ಕುರಿಯ ಕರಿ ಉಣ್ಣೆ ಮೊಣಕೈ, ಹಿಮ್ಮಡಿಗೆ ಹೇಳಿ ಮಾಡಿಸಿದ್ದು. ನಾನೀಗ ಚಳ್ಳಕೆರೆ ಕಡೆಯಿಂದ ತರಿಸುತ್ತೇನೆ. ಒರಟು, ನಿಜ. ಬಿಗಿಯೋಕೆ ಜಾಸ್ತಿ ಹೊತ್ತು ಬೇಕು, ಅದಕ್ಕೇ ಒಳಗೆ ಒಂದು ತೆಳು ಪದರ ಮಾಮೂಲಿ ಮೆರಿನೋ ಹಾಕಿ, ಮೇಲೆ ಅಡ್ಡ ಒಂದು, ಉದ್ದ ಒಂದು ಪದರ ಕರಿ ಉಣ್ಣೆ ಸುತ್ತುತ್ತೇನೆ. ಆದರೆ ತೊಳೆದು ಹಿಂಜುವಾಗ ಕೂತು ಮುಳ್ಳು, ಕಡ್ಡಿ ಎಲ್ಲ ಆರಿಸಿ ತೆಗೆಯಲೇಬೇಕು. ಒಂದು ಉಳಿದರೂ ಮೈ ಗೀರುತ್ತದೆ.

ಸೋಪು ಟಿಎಫ್‌ಎಂ (ಅಂದರೆ ಸೋಪಿನಲ್ಲಿರುವ ಕೊಬ್ಬಿನಂಶ) ಶೇ. 76ಕ್ಕಿಂತ ಮೇಲಿನದೇ ಇರಲಿ. ಪಾರದರ್ಶಕ ಗ್ಲಿಸರಿನ್ ಸೋಪು ಉಜ್ಜುವಾಗಲೇ ಅರ್ಧ ಕರಗಿಹೋಗುತ್ತದೆ. ಚೌಕದ ಸೋಪಾದರೆ ಮೂಲೆಗಳನ್ನು ಚಾಕುವಿನಲ್ಲಿ ಹೆರೆದು ಉರುಟು ಮಾಡಿ, ಇಲ್ಲದಿದ್ದರೆ ಉಣ್ಣೆ ಅಲ್ಲೇ ತೆಳುವಾಗಿ ಹರಿಯುತ್ತದೆ. ಮೈಸೂರು ಸ್ಯಾಂಡಲ್ ಮೊಟ್ಟೆಯಾಕಾರದಲ್ಲಿರೋದರಿಂದ ಆ ಕೆಲಸವೇ ಇಲ್ಲ. ಸುತ್ತಿದ್ದನ್ನು ಹಳೆಯ ನೈಲಾನ್ ಕಾಲುಚೀಲದೊಳಗೆ ಹಾಕಿ, ಮೊದಲು ಸುಮ್ನೆ ತಟ್ಟಿ. ಮೇಲ್ಪದರ ಕೂತ ಮೇಲೆ ಉಜ್ಜಿ. ಆಮೇಲೆ ತಣ್ಣೀರಿನಲ್ಲಿ ತೊಳೆದು, ಗಾಳಿಗೆ ಎರಡು ಮೂರು ದಿನ ಒಣಗಿಸಿ. ಒಳಗೆ ಪಸೆ ಉಳಿದದ್ದನ್ನು ಡಬ್ಬಿಗೆ ಹಾಕಿದರೆ ಮುಗ್ಗಲು ವಾಸನೆ ಬರುತ್ತದೆ. ಮಳೆಗಾಲದಲ್ಲಿ ನಾನು ಆರ್ಡರೇ ಒಪ್ಪಿಕೊಳ್ಳುವುದಿಲ್ಲ, ನೀವೂ ಒಪ್ಪಿಕೊಳ್ಳಬೇಡಿ.